ಮುನೇಶನ ಹಿತ್ತಲಿನ ಮೂರನೇ ದೇಶ

ಮುನೇಶನ ಹಿತ್ತಲಿಗೆ ಎರಡು ದೇಶಗಳು ಬಂದು ಕೂತದ್ದೇ ತಾಪತ್ರಯಕ್ಕೆ ಮೂಲ. ಒಂದರ ಹೆಸರು ಘಾನಾ, ಇನ್ನೊಂದರದು ಕೀನ್ಯಾ. ಎರಡೂ ಕೋಳಿಗೊಬ್ಬರದ ಗುಡ್ಡೆಗಳು.

ಹಾಕಿಸಿದವರು ಕೃಷಿ ಸಂಶೋಧನೆಯ ಲತಾಮಣಿ ಮೇಡಂ. ಆ ಎರಡೂ ದೇಶ ಸುತ್ತಿ ಮರಳವಾಡಿ ಕಡೆಗೆ ಬಂದವರು. ಘಾನಾದ ಒಂದು ಹಿತ್ತಲಲ್ಲಿ ಕಂಡಂತೆ ಒಂದು ಗುಡ್ಡೆಯನ್ನು ಬಯಲಿಗೆ ಬಿಟ್ಟಿದ್ದರು. ಕೀನ್ಯಾದಲ್ಲಿ ಕಂಡಂತೆ ಇನ್ನೊಂದಕ್ಕೆ ಮಣ್ಣು ಮೆತ್ತಿಸಿದ್ದರು. ಯಾವುದರಲ್ಲಿ ಸಾರಜನಕ ಎಷ್ಟು ಗಾಳಿಪಾಲಾಗುತ್ತದೆ ಎಂದು ಹೋಲಿಸುವುದು ಅವರ ಕೆಲಸ. "ಮೂಗಿಗೆ ಬಂದಿದ್ದು ಗಿಡಕ್ಕಿಲ್ಲ, ಮುನೇಶ್" ಎಂದು ಬರಿಗೈಯಲ್ಲೇ ಗೊಬ್ಬರ ಹಿಸುಕಿ ತೋರಿಸಿದ್ದರು. ಮೂಗು ಮುಚ್ಚದ ಆಫೀಸರನ್ನು ಊರು ನೋಡಿದ್ದು ಅದೇ ಮೊದಲು.

ಇವತ್ತು ಸಂಜೆ ಕೊನೆಯ ಸ್ಯಾಂಪಲ್. ಆಮೇಲೆ ಗೊಬ್ಬರವೆಲ್ಲ ಮುನೇಶನ ಹಿಪ್ಪುನೇರಳೆ ತೋಟಕ್ಕೆ. ಬಡಕಲು ಕಡ್ಡಿಗಳನ್ನು ನೋಡಿ ನೋಡಿ ಸಾಕಾಗಿದ್ದ ಅವನು, ಗುಡ್ಡೆಗಳನ್ನು ಬಾಣಂತಿ ಕೋಣೆಯಂತೆ ಕಾಯುತ್ತಿದ್ದ.

ಮಧ್ಯಾಹ್ನ ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮ ಬೇಲಿ ಮೇಲೆ ತಲೆ ಹಾಕಿದರು. ರೇಷ್ಮೆಹುಳು ಸಾಕುವುದರಲ್ಲಿ ಊರೇ ಕೈಮುಗಿಯುವ ಹೆಂಗಸು. ಹುಳುವಿನ ಮೈ ನೋಡಿ ಹೊಟ್ಟೆಯ ಸಮಾಚಾರ ಹೇಳುವವರು.

"ಲೇ ಮುನೇಸ, ನನ್ನ ಹುಳ ಹಣ್ಣಾಯ್ತಾ ಅವೆ, ನಾಳೆ ಗೂಡು ಕಟ್ತವೆ. ನಿನ್ನ ಘಾನಾ ಘಾಟು ಹುಳಿನ ಮನೆಗೇ ನುಗ್ತೈತೆ. ಮುಚ್ಲಾ ಅದ!"

"ಮುಚ್ಚಂಗಿಲ್ಲ ದೊಡ್ಡವ್ವ. ಮುಚ್ಚುದ್ರೆ ಅದೂ ಕೀನ್ಯಾ ಆಗ್ಬುಡ್ತದೆ."

ಒಳಗಿನಿಂದ ಹೆಂಡತಿ ಪುಟ್ಟಿ ಊಟಕ್ಕೆ ಕೂಗಿದಳು. ಮುನೇಶ ಹೋದ. ವೆಂಕಟಲಕ್ಷ್ಮಮ್ಮ ಬೇಲಿ ದಾಟಿ ಬಂದು ಗುಡ್ಡೆ ಮುಟ್ಟಿ ನೋಡಿದರು. ಒದ್ದೆ. ಹುಳುವಿನ ತಟ್ಟೆಯಲ್ಲಿ ತೇವ ಕಂಡರೆ ಸುಣ್ಣದ ಪುಡಿ ಉದುರಿಸಿ ಒಣಗಿಸುವುದು ಆ ಕೈಗೆ ಬಂದ ವಿದ್ಯೆ. ತೇವ ಎಲ್ಲಿದ್ದರೂ ತೇವವೇ. ಮಂಕರಿ ತುಂಬ ಸುಣ್ಣ ತಂದು, ಜರಡಿ ಹಿಡಿದಂತೆ, ಒಂದಿಂಚೂ ಬಿಡದೆ ಘಾನಾದ ಮೇಲೆ ಉದುರಿಸಿದರು. ಕೆಲಸ ನೋಡಲು ಬಲು ಅಂದವಾಗಿತ್ತು.

ಮುನೇಶ ಇನ್ನೂ ಎರಡನೇ ತುತ್ತು ಮುದ್ದೆ ಮುರಿದಿರಲಿಲ್ಲ, ಕಣ್ಣು ಉರಿಯತೊಡಗಿತು. ಸುಣ್ಣ ತಗುಲಿ ಘಾನಾದ ಘಾಟು ಹತ್ತು ಪಟ್ಟಾಗಿ ಎದ್ದು ನಿಂತಿತ್ತು! ತಮ್ಮದೇ ತಪ್ಪೇನೋ ಎಂಬ ನಾಚಿಕೆಯಿಂದ ಮನೆಯ ನಾಟಿಕೋಳಿಗಳು ತೋಟದತ್ತ ಓಡಿದವು.

ಗೊಬ್ಬರ ಸಾಗಿಸಲು ಟೆಂಪೋ ತಂದ ಸಮೀವುಲ್ಲಾ ಇಳಿದವನೇ ಗಾಬರಿಯಾದ. "ಅರೇ ಮುನೇಸಣ್ಣ, ಯಾರ್ ಹೋಗ್ಬುಟ್ರು? ಎಲ್ರೂ ಅಳ್ತಾ ನಿಂತವ್ರೆ!"

"ಹುಳಕ್ಕೆ ಒಗ್ಗಿದ್ದು ಇದಕ್ಯಾಕ್ಲಾ ಒಗ್ಗನಿಲ್ಲ?" ವೆಂಕಟಲಕ್ಷ್ಮಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ತೆಗೀರ್ಲಾ ಮದ್ಲು, ನನ್ನ ಹುಳ!"

ಮುನೇಶ, ಸಮೀವುಲ್ಲಾ ಇಬ್ಬರೂ ಸುಣ್ಣ ಬಿದ್ದ ಮೇಲುಪದರವನ್ನೆಲ್ಲ ಹೆರೆದು ತೆಗೆದು, ಆಚೆ ಮಗ್ಗುಲಲ್ಲಿ ಅಡುಗೆಮನೆ ಗೋಡೆಯ ಹಿಂದೆ ಸುರಿದು, ಗೋಣಿಚೀಲ ಹೊದಿಸಿದರು. ಘಾಟು ಹುಳದ ಮನೆ ಬಿಟ್ಟು ಪುಟ್ಟಿಯ ಒಲೆಯ ಕಡೆ ತಿರುಗಿತು.

ಸಂಜೆ ಮೇಡಂ ಬಂದರು. ಘಾನಾದ ಹೊಟ್ಟೆಯಿಂದ, ಕೀನ್ಯಾದ ಹೊಟ್ಟೆಯಿಂದ ಗೊಬ್ಬರ ತೆಗೆದು ಡಬ್ಬಿಗೆ ತುಂಬಿದರು. "ಚೆನ್ನಾಗಿ ಕಾದಿದ್ದೀರಿ." ಮುನೇಶ ಉಸಿರುಬಿಟ್ಟ. ಅಷ್ಟರಲ್ಲಿ ಮೇಡಂ ಮೂಗೆತ್ತಿದರು. ಆ ಮೂಗು ಅವರನ್ನು ಕೈಹಿಡಿದಂತೆ ಅಡುಗೆಮನೆಯ ಹಿಂದಕ್ಕೆ ಕರೆದೊಯ್ದಿತು. ಗೋಣಿಚೀಲ ಎತ್ತಿದರು.

"ಮುನೇಶ್, ಇದು ಯಾವ ದೇಶ?"

ಮುನೇಶ ಚೀಲದ ತುದಿ ಎಳೆದು ಮತ್ತೆ ಹೊದಿಸಲು ಹೋದ. "ಇದು... ನಮ್ದೇ ದೇಸ ಮೇಡಂ."

ವೆಂಕಟಲಕ್ಷ್ಮಮ್ಮ ಮುಂದೆ ಬಂದು, ಸುಣ್ಣ ಹಾಕಿದ್ದು ತಾನೇ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಮೇಡಂ ಸಿಟ್ಟಾಗಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಮುಖ ಅರಳಿತು.

"ಗೊಬ್ಬರದ ಸಾರ ಗಾಳಿಗೆ ಇಷ್ಟು ಜೋರಾಗಿ ಓಡಿಹೋಗೋದನ್ನ ಆ ಎರಡು ದೇಶದಲ್ಲೂ ನೋಡಿಲ್ಲಮ್ಮ ನಾನು! ರೇಷ್ಮೆ ಸಾಕೋ ಊರಲ್ಲಿ ಸುಣ್ಣ ಎಲ್ಲರ ಮನೇಲೂ ಇರುತ್ತೆ. ಇದನ್ನೂ ಅಳೀಲೇಬೇಕು."

"ಹಂಗಾರೆ ಗೊಬ್ಬರ ತೋಟಕ್ಕೆ...?"

"ಈ ಮಳೆಗಾಲ ಕಳೀಲಿ ಮುನೇಶ್. ಮೂರೂ ಇದ್ದರೇ ಹೋಲಿಕೆ."

ಮೂರನೇ ಗುಡ್ಡೆಗೂ ಬೋರ್ಡು ನೆಟ್ಟು ಮೇಡಂ ಹೊರಟರು. ಸಮೀವುಲ್ಲಾ ಖಾಲಿ ಟೆಂಪೋ ತಿರುಗಿಸಿಕೊಂಡ. ವೆಂಕಟಲಕ್ಷ್ಮಮ್ಮ ಮಾತ್ರ ಮೂಗಿಗೆ ಸೆರಗು ಸುತ್ತಿ, ಇನ್ನೊಂದು ಮಂಕರಿ ಸುಣ್ಣ ಹೊತ್ತು ಬಂದರು.

"ಒಸಿ ಸರ್ಕೊಳ್ಲಾ ಮುನೇಸ. ವಾರ ವಾರ ನಾನೇ ಉದುರಿಸ್ಬೇಕಂತೆ. ನನ್ನ ಕೈಗುಣವೇ ಬೇರೆ ಅಂದವ್ರೆ ಮೇಡಮ್ಮು."

ಬಟ್ಟೆಗಂಟು ಕಂಕುಳಲ್ಲಿಟ್ಟು ಪುಟ್ಟಿ ಹೊಸಿಲು ದಾಟಿದಳು.

"ನಿಮ್ ದೇಸ ನೀವು ಕಾಯ್ಕೊಂಡಿರಿ. ನಾ ಕೋಡಿಹಳ್ಳಿಗೆ, ನಮ್ಮವ್ವನ ಮನೆಗೆ ಹೊಂಟೆ."