ಲ್ಯಾಪ್‌ಟಾಪಿಗೊಬ್ಬ ಜಾಬರ್

ನಮ್ಮ ಕಾಕಾಗೆ ಕಂಪ್ಯೂಟರ್ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಕಂಪ್ಯೂಟರಿಗೇ ನಮ್ಮ ಕಾಕಾ ಬರುವುದಿಲ್ಲ! ಪಾಪ, ಅವರನ್ನು ಅರ್ಥಮಾಡಿಕೊಳ್ಳಲು ಅದು ತನ್ನ ಕೈಲಾದದ್ದನ್ನೆಲ್ಲ ಮಾಡುತ್ತದೆ. ಆಗದಿದ್ದಾಗ ಇದ್ದಲ್ಲೇ ನಿಂತುಬಿಡುತ್ತದೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಇಚಲಕರಂಜಿಯ ಪವರ್‌ಲೂಮ್ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ಜಾಬರ್ ಆಗಿದ್ದವರು. ಜಾಬರ್ ಅಂದರೆ ಮಗ್ಗಗಳ ಡಾಕ್ಟರು. ಯಾವ ಮಗ್ಗ ಕೆಟ್ಟರೂ ನಟ್ ತಿರುಗಿಸುವ ಪಾನಾ ಹಿಡಿದು ಓಡಬೇಕು. ಕೆಲಸ ಬಿಟ್ಟ ಮೇಲೂ ಕೈ ಸುಮ್ಮನೆ ಕೂರಬೇಕಲ್ಲ! ಮನೆಯ ಫ್ಯಾನು, ಮಿಕ್ಸರು, ಅವರ ಹೆಂಡತಿಯಾದ ಕಾಕುವಿನ ಹೊಲಿಗೆ ಮಷೀನು ಎಲ್ಲವನ್ನೂ ಬಿಚ್ಚಿ ಜೋಡಿಸಿ ಮುಗಿದಿತ್ತು. ಇನ್ನು ಗಡಿಯಾರಕ್ಕೆ ಕೈಹಾಕಬೇಕು ಅನ್ನುವಷ್ಟರಲ್ಲಿ ಕೊಲ್ಹಾಪುರದಿಂದ ನನ್ನ ಹಳೆಯ ಲ್ಯಾಪ್‌ಟಾಪ್ ತಂದುಕೊಟ್ಟ ಪುಣ್ಯಾತ್ಗಿತ್ತಿ ನಾನೇ.

ಕೊಡದೆ ಗತಿ ಇರಲಿಲ್ಲ. ಕಾಕಾನ ಅಕ್ಕ, ಅಂದರೆ ನನ್ನ ಆತ್ಯಾ, ಗಡಹಿಂಗ್ಲಜದಲ್ಲಿದ್ದಾರೆ. ಅವರಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಶಾಲೆಗೂ ಯಾರೂ ಕಳಿಸಲಿಲ್ಲ. ಚಿಕ್ಕವರಿದ್ದಾಗ ಅಕ್ಕ ತಮ್ಮ ಇಬ್ಬರೇ ಸೇರಿ ಕೈಸನ್ನೆಯಲ್ಲೇ ತಮ್ಮದೊಂದು ಭಾಷೆ ಕಟ್ಟಿಕೊಂಡಿದ್ದರು. ಊಟ, ನೀರು, ನಿದ್ದೆಯ ಸನ್ನೆ ಮನೆಯವರಿಗೆಲ್ಲ ಗೊತ್ತು. ಆದರೆ ಸುದ್ದಿ ಹೇಳುವಷ್ಟು, ಚಾಡಿ ಹೇಳುವಷ್ಟು, ಜಗಳವಾಡುವಷ್ಟು ಭಾಷೆ ಗೊತ್ತಿರುವುದು ಕಾಕಾಗೆ ಮಾತ್ರ. ಮೊದಲು ವಾರಕ್ಕೊಮ್ಮೆ ಬಸ್ ಹತ್ತಿ ಹೋಗುತ್ತಿದ್ದರು. ಮೊಣಕಾಲು ಮುಷ್ಕರ ಹೂಡಿದ ಮೇಲೆ ವಿಡಿಯೋ ಕಾಲ್ ಶುರುವಾಯಿತು. ಮೊಬೈಲಿನಲ್ಲಿ ಆತ್ಯಾನ ಮುಖ ಕಂಡರೆ ಕೈ ಕಾಣದು, ಕೈ ಕಂಡರೆ ಬೆರಳು ಕಾಣದು. "ಅರ್ಧಾ ಮಾತು ಹೊರಗ ಬೀಳಾಕತ್ತಾವಲ್ಲವಾ" ಎಂದು ಕಾಕಾ ಒದ್ದಾಡಿದರು. ಅದಕ್ಕೇ ಈ ದೊಡ್ಡ ಪರದೆ. ದಿನಾ ನಾಲ್ಕು ಗಂಟೆಗೆ ಅಲ್ಲಿ ಆತ್ಯಾ ಸೊಸೆಯ ಟ್ಯಾಬ್ ಮುಂದೆ, ಇಲ್ಲಿ ಕಾಕಾ ಲ್ಯಾಪ್‌ಟಾಪ್ ಮುಂದೆ!

ಹೊಸ ಸಿಸ್ಟಮ್ ಹೊರುವ ತ್ರಾಣ ಆ ಲ್ಯಾಪ್‌ಟಾಪಿಗಿರಲಿಲ್ಲವೆಂದು ಲಿನಕ್ಸ್ ಹಾಕಿದ್ದೆ. ಎಲ್ಲ ಬಂತು, ವೈಫೈ ಬರಲಿಲ್ಲ. ವೈಫೈಗೆ ಬೇಕಾದ ಡ್ರೈವರ್ ಎಂಬುದನ್ನು ನೆಟ್‌ನಿಂದ ಇಳಿಸಿಕೊಳ್ಳಬೇಕು ಎಂದು ಫೋನಿನಲ್ಲಿ ಹೇಳಿದೆ.

"ನೆಟ್ ಬರಾಕ ಅದು ಬೇಕು?"

"ಹೌದ್ರಿ."

"ಅದು ಬರಾಕ ನೆಟ್ ಬೇಕು?"

"ಹೌದ್ರಿ ಕಾಕಾ."

"ಬಾವ್ಯಾಗ ಬಿದ್ದಾಂವನ್ನ ಹಗ್ಗಾ ತರಾಕ ಪ್ಯಾಟಿಗೆ ಕಳಿಸಿದಾಂಗಾತಲ್ಲವಾ ಇದು!"

ಕೊನೆಗೆ ಮೊಬೈಲನ್ನು ವಾಯರಿನಿಂದ ಲ್ಯಾಪ್‌ಟಾಪಿಗೆ ಕಟ್ಟಿ, ಅದರ ನೆಟ್ ಕಡ ಪಡೆದು ವೈಫೈ ತರಿಸಿದೆವು. ಬಂದ ವೈಫೈ ಹತ್ತು ನಿಮಿಷಕ್ಕೊಮ್ಮೆ ಮಾಯವಾಗತೊಡಗಿತು. ಈಗ ಕಾಕಾನೊಳಗಿನ ಜಾಬರ್ ಎದ್ದು ಕೂತ. ಒಮ್ಮೆಗೆ ಒಂದೇ ನಟ್ ತಿರುಗಿಸಬೇಕು, ಒಂದು ದಿನ ನೋಡಬೇಕು, ವಹಿಯಲ್ಲಿ ಬರೆಯಬೇಕು ಎಂಬುದು ಅವರ ಕಾರ್ಖಾನೆಯ ಕಾಯಿದೆ. ಮೊದಲ ದಿನ ರೌಟರಿಗೆ ಅಡ್ಡವಿದೆಯೆಂದು ಸ್ಟೀಲಿನ ಡಬ್ಬಿಗಳನ್ನು ಸರಿಸಿದರು. ಎರಡನೆಯ ದಿನ ಡಬ್ಬಿಗಳ ಸ್ಟ್ಯಾಂಡ್. ಮೂರನೆಯ ದಿನ ಟ್ರೆಜರಿ, ಅಂದರೆ ಕಬ್ಬಿಣದ ಕಪಾಟು. ಎರಡು ವಾರಕ್ಕೆ ಅಡುಗೆಮನೆ ಪಡಸಾಲೆಗೆ ಬಂದಿತ್ತು. ಕಾಕು ಜೋಳದ ಹಿಟ್ಟು ಹುಡುಕಿ ಸಾಕಾಗಿ, "ರೀ, ನಾಳಿಗೆ ನನ್ನ ಸರಸ್ತೀರೇನ?" ಎಂದು ಕೇಳಿದರು. ಕಾಕಾ ವಹಿ ತೆರೆದು ನೋಡಿದರು. "ನಿನ್ನ ಪಾಳಿ ಶುಕ್ರವಾರಕ್ಕೈತಿ."

ಶುಕ್ರವಾರದೊಳಗೆ ನಾನು ಓಡಿಬಂದೆ. ಬ್ಯಾಟರಿ ಉಳಿಸಲೆಂದು ವೈಫೈ ತಾನೇ ನಿದ್ದೆ ಹೋಗುತ್ತಿತ್ತು. ಆ ಉಳಿತಾಯ ಬಂದ್ ಮಾಡಿದೆ, ಸರಿಹೋಯಿತು. "ಡ್ಯೂಟಿ ಮ್ಯಾಲ ಮಲಗೂದಂದ್ರೇನು!" ಎಂದು ಕಾಕಾ ಲ್ಯಾಪ್‌ಟಾಪನ್ನು ಗದರಿಸಿದರು. ಅಡುಗೆಮನೆಯನ್ನು ಮಾತ್ರ ಹಿಂದಕ್ಕೆ ಸಾಗಿಸಲು ಮತ್ತೆರಡು ವಾರ ಹಿಡಿಯಿತು. ಒಮ್ಮೆಗೆ ಒಂದೇ ಅಲ್ಲವೇ!

ಆಮೇಲೆ ಶುರುವಾಯಿತು ನೋಡಿ ಹ್ಯಾಂಗ್ ಆಗುವ ರೋಗ. ಮಾತಿನ ನಡುವೆ ಪರದೆ ಕಲ್ಲಾಗುತ್ತಿತ್ತು. ನಮ್ಮ ನಿಮ್ಮ ಕಾಲ್ ನಿಂತರೆ ಒಂದು ಮಾತು ಹೋದೀತು. ಇವರದ್ದು ಹಾಗಲ್ಲ, ಕೈ ನಡುಗಾಳಿಯಲ್ಲಿ ನಿಂತರೆ ಅರ್ಥವೂ ನಡುಗಾಳಿಯಲ್ಲೇ! ಒಂದು ದಿನ ಆತ್ಯಾ ಪಕ್ಕದ ಮನೆಯ ಅಜ್ಜನ ಸುದ್ದಿ ತೆಗೆದು, ಕೈಯನ್ನು ಮೇಲಕ್ಕೆ ಒಯ್ದರು. ಅಲ್ಲಿಗೆ ಹ್ಯಾಂಗ್. ಮತ್ತೆ ಚಾಲೂ ಮಾಡುವಷ್ಟರಲ್ಲಿ ಗಡಹಿಂಗ್ಲಜದಲ್ಲಿ ಕರೆಂಟ್ ಹೋಗಿತ್ತು. ಮುಖ ಸಣ್ಣದು ಮಾಡಿಕೊಂಡ ಕಾಕಾ, ಮೊಣಕಾಲಿಗೆ ಪಟ್ಟಿ ಕಟ್ಟಿ, ಮರುದಿನ ಮೊದಲ ಬಸ್ಸಿಗೇ ಹೂವಿನ ಹಾರ ಹಿಡಿದು ಹೊರಟರು. ಹೋಗಿ ನೋಡಿದರೆ ಅಜ್ಜ ಕಟ್ಟೆಯ ಮೇಲೆ ಅಕ್ಕಿ ಚೀಲಕ್ಕೊರಗಿ ಕೂತು ಚಹಾ ಕುಡಿಯುತ್ತಿದ್ದಾರೆ! ಅಜ್ಜ ಮೇಲೆ ಹೋಗಿದ್ದು ನಿಜವೇ, ಘಟ್ಟದ ಕಡೆ ಆಜರಾಕ್ಕೆ, ಅಕ್ಕಿ ತರಲು.

"ಹಾರ ಯಾರಿಗ್ರಿ ಜಾಬರ್?" ಅಜ್ಜ ಕೇಳಿದರಂತೆ.

"ನಿಮಗ ರೀ. ಅಷ್ಟ ಚಲೋ ಅಕ್ಕಿ ತಂದೀರಂತ, ಸತ್ಕಾರ ಮಾಡೂಣಂತ ಬಂದೆ" ಎಂದು ಕಾಕಾ ಕೊರಳಿಗೆ ಹಾಕಿಯೇ ಬಂದರು!

"ಹೊಸಾದ ತಗೊಳ್ರಿ ಕಾಕಾ" ಎಂದು ನಾನು ಬೇಡಿಕೊಂಡೆ. ಅವರಿಗೆ ಸಿಟ್ಟೇ ಬಂತು. "ಹೊಕ್ಕಿನ ನೂಲು ಹರದ್ರ ಮಗ್ಗ ತಾನ ನಿಲ್ಲತೈತಿ. ನಿಲ್ಲೂದು ಮಗ್ಗದ ಶಾಣ್ಯಾತನಾ ಯವ್ವಾ. ಎಲ್ಲಿ ಹರದೈತಿ ಅಂತ ನೋಡೂದು ನಮ್ಮ ಕೆಲಸ."

ಹರಿದ ಜಾಗ ಸಿಗುವವರೆಗೆ ಇರಲಿ ಎಂದು ಒಂದು ಉಪಾಯ ಹೇಳಿಕೊಟ್ಟೆ. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಬಟನ್ ಒತ್ತಿ ಹಿಡಿದು, ಆರು ಅಕ್ಷರಗಳನ್ನು ಒಂದೊಂದಾಗಿ, ನಿಧಾನವಾಗಿ ಒತ್ತಬೇಕು. ಮಷೀನು ಎಲ್ಲವನ್ನೂ ಸಾವರಿಸಿಕೊಂಡು ಮತ್ತೆ ಚಾಲೂ ಆಗುತ್ತದೆ. ನಿಧಾನವಾಗಿ ಅಂದದ್ದೇ ತಪ್ಪಾಯಿತು. ಕಾಕಾ ಕೈಕಾಲು ತೊಳೆದು ಬಂದು, ಅಕ್ಷರಕ್ಕೊಮ್ಮೆ ಕಣ್ಣುಮುಚ್ಚಿ ಐದರವರೆಗೆ ಎಣಿಸುತ್ತಿದ್ದರು. ಓಣಿಯ ಹೆಣ್ಣುಮಕ್ಕಳು ಕಾಕುವಿಗೆ, "ನಿಮ್ಮ ಮನ್ಯಾರು ಭಾಳ ಭಕ್ತಿವಂತರಾಗ್ಯಾರ ನೋಡ್ರಿ" ಎಂದರಂತೆ. ಕಾಕು ಇಲ್ಲ ಎನ್ನಲಿಲ್ಲ.

ಕೊನೆಗೆ ಹರಿದ ಜಾಗವೂ ಸಿಕ್ಕಿತು. ಲಿನಕ್ಸಿನ ತಿರುಳಾದ ಕರ್ನೆಲ್ ಹೊಸದಾಗಿತ್ತು, ಈ ಮುದಿ ಲ್ಯಾಪ್‌ಟಾಪಿಗೆ ಅದು ಒಗ್ಗಿರಲಿಲ್ಲ. ಹಳೆಯದನ್ನೇ ಆರಿಸಿಕೊಟ್ಟೆ. ಹ್ಯಾಂಗ್ ಆಗುವುದು ತಿಂಗಳಿಗೊಮ್ಮೆಗೆ ಇಳಿಯಿತು. ಅಕ್ಕ ತಮ್ಮ ಮತ್ತೆ ಮನಸಾರೆ ಜಗಳವಾಡತೊಡಗಿದರು.

ಅಷ್ಟರಲ್ಲಿ ಕಾಕಾನ ಕಣ್ಣೇ ಹ್ಯಾಂಗ್ ಆಯಿತು! ಮೋತಿಬಿಂದು, ಅಂದರೆ ಕಣ್ಣಿನ ಪೊರೆ. ಒಂದು ಕಣ್ಣು ಆಪರೇಶನ್ ಮಾಡಿ ಪಟ್ಟಿ ಕಟ್ಟಿದರು. ಇನ್ನೊಂದರಲ್ಲಿ ಬರೀ ಮಂಜು. ವಾರದವರೆಗೆ ಪರದೆ ನೋಡುವಂತಿಲ್ಲ. ಕಾಕಾಗೆ ಕಣ್ಣಿನ ಚಿಂತೆ ಇರಲಿಲ್ಲ. "ನಾಲ್ಕಕ್ಕ ನನ್ನ ಕೈ ಕಾಣಲಿಲ್ಲಂದ್ರ ಅಕ್ಕ ಗಾಬರ್ಯಾಗ್ತಾಳ. ಆಪರೇಶನ್ ಅಂದ್ರೇನಂತ ಆಕಿಗೆ ಯಾರು ತಿಳಿಸಿ ಹೇಳವರು?" ಎಂದು ಬೆಳಗಿನಿಂದ ಚಡಪಡಿಸಿದರು. ನನಗೂ ಕಾಕುವಿಗೂ ಗೊತ್ತಿದ್ದದ್ದು ಊಟದ ಸನ್ನೆ. ಅದರಲ್ಲಿ ಕಣ್ಣಿನ ಆಪರೇಶನ್ ಹೇಗೆ ಹೇಳುವುದು?

ಕೊನೆಗೆ ಕಾಕಾ ಯಾರಿಗೋ ಫೋನು ಮಾಡಿದರು. ಮೂರೂವರೆಗೆ ಅವರ ಕಾರ್ಖಾನೆಯ ಹಳೆಯ ನೇಕಾರನೊಬ್ಬ ಬಂದು ಲ್ಯಾಪ್‌ಟಾಪ್ ಮುಂದೆ ಕೂತ. ಕಾಲ್ ಹತ್ತಿತು. ಅವನು ಎರಡೂ ಕೈ ಎತ್ತಿ ಥೇಟ್ ಕಾಕಾನಂತೆ ಮಾತಾಡತೊಡಗಿದ: ಕಣ್ಣು, ಪಟ್ಟಿ, ನೋವಿಲ್ಲ, ಒಂದು ವಾರ. ನಾನು ಬಾಯಿಬಿಟ್ಟು ನೋಡಿದೆ. ಪರದೆಯಲ್ಲಿ ಆತ್ಯಾ ಕದಲಲಿಲ್ಲ. ರೆಪ್ಪೆಯೂ ಆಡಲಿಲ್ಲ.

"ಹ್ಯಾಂಗ್ ಆತ್ರಿ ಕಾಕಾ!" ಎಂದು ಬಟನ್ ಕಡೆ ಕೈ ಚಾಚಿದೆ.

"ಮುಟ್ಟಬ್ಯಾಡ. ಆಕಿ ಹಿಂದ ಗ್ವಾಡಿ ಮ್ಯಾಲ ಗಡಿಯಾರ ಐತಲ್ಲ, ಸೆಕೆಂಡ್ ಮುಳ್ಳ ಓಡಾಕತ್ತೈತೇನ ನೋಡು."

ಓಡುತ್ತಿತ್ತು.

"ಹಂಗಂದ್ರ ಸಿಟ್ಟಾಗ್ಯಾಳ" ಎಂದು ಕಾಕಾ ತಲೆ ತಗ್ಗಿಸಿದರು.

ನೇಕಾರ ನನ್ನ ಕಡೆ ತಿರುಗಿ ಮರಾಠಿಯಲ್ಲಿ, "ಆಮ್ಚ್ಯಾ ಕಾರಖಾನ್ಯಾತ ಸಗಳೇ ಅಸಂಚ ಬೋಲಾಯಚೇ, ತಾಯಿ" ಎಂದ. ಕಾರ್ಖಾನೆಯಲ್ಲಿ ಎಲ್ಲರೂ ಹೀಗೇ ಮಾತಾಡುತ್ತಿದ್ದರಂತೆ! ಮಗ್ಗಗಳ ಗದ್ದಲದಲ್ಲಿ ಬಾಯಿಮಾತು ಯಾರಿಗೆ ಕೇಳಬೇಕು? ಕಾಕಾ ಅಕ್ಕನ ಭಾಷೆಯನ್ನೇ ನಲವತ್ತು ನೇಕಾರರಿಗೂ ಕಲಿಸಿದ್ದರು.

"ಆಕೀ ಮಾತು ಆಕಿನ್ನ ಕೇಳದ ಕೊಟ್ಟಬಿಟ್ಟಿದ್ದೆ. ಸಿಟ್ಟಾಗ್ತಾಳಂತ ಅಂಜಿ ಒಂದಿನಾನೂ ಹೇಳಿರಲಿಲ್ಲವಾ" ಎಂದರು ಕಾಕಾ. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಆಗ ಆತ್ಯಾನ ಕೈ ಮೆಲ್ಲಗೆ ಮೇಲೆದ್ದಿತು. ಏನೋ ಕೇಳಿದರು. ನೇಕಾರ ನಕ್ಕು ಉತ್ತರ ಕೊಟ್ಟ. ಮತ್ತೆ ಕೇಳಿದರು, ಮತ್ತೆ ಕೊಟ್ಟ. ಆತ್ಯಾ ಒಂದು ಕೈಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಇನ್ನೊಂದು ಕೈಯಲ್ಲಿ ಕೇಳುತ್ತಲೇ ಇದ್ದರು.

"ಏನಂತಾಳವಾ? ಬೈಯಾಕತ್ತಾಳೇನು?"

ನಾನು ನೇಕಾರನನ್ನು ಕೇಳಿ ತಿಳಿದುಕೊಂಡೆ. "ನಿಮ್ಮ ಕಣ್ಣಿನ ಸುದ್ದಿ ಏನೂ ಕೇಳವಲ್ರಿ ಕಾಕಾ. ಇವರಿಗೆ ಮಕ್ಕಳೆಷ್ಟು, ಸೊಸಿ ಚಲೋ ನೋಡಕೋತಾಳೇನು, ಇವತ್ತ ಮನ್ಯಾಗ ಏನ ಪಲ್ಯ ಮಾಡಿದ್ರು, ಬರೇ ಅದನ್ನ ಕೇಳಾಕತ್ತಾರ."

ಕಣ್ಣಲ್ಲಿ ನೀರು ತರಬೇಡಿ ಎಂದು ಡಾಕ್ಟರು ಹೇಳಿಕಳಿಸಿದ್ದರು, ಆ ಮಾತನ್ನು ಕಾಕಾ ಕೇಳಲಿಲ್ಲ.

"ಕೇಳ್ಲಿ ಬಿಡವಾ," ಎಂದರು. "ಎಪ್ಪತ್ತ ವರ್ಷ ನನ್ನೊಬ್ಬನ ಮಾರಿ ನೋಡಿ ನೋಡಿ ಮಾತಾಡ್ಯಾಳ. ಇವತ್ತರ ಇನ್ನೊಬ್ಬರ ಸುದ್ದಿ ಕೇಳ್ಲಿ."