ಧ್ರುವಕ್ಕೆ ಹೊರಟ ದವಡೆ

ಆ ದಿನದ ರಾದ್ಧಾಂತವೆಲ್ಲ ಶುರುವಾದದ್ದು ಬೆಳಗ್ಗೆ ಕುಡಿದ ಒಂದು ಲೋಟ ತಣ್ಣೀರಿನಿಂದ. ಕುಡಿದದ್ದೇ ತಡ, ವಿಜ್ಞಾನಿ "ಸ್ಸ್" ಎಂದು ಕೆನ್ನೆ ಹಿಡಿದುಕೊಂಡ. ಎಡದವಡೆಯ ಕೊನೆಯ ಹಲ್ಲು ಜುಂ ಎಂದಿತ್ತು.

ಬೇರೆ ಯಾರಾದರೂ ಆಗಿದ್ದರೆ ಲವಂಗ ಕಚ್ಚಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಆದರೆ ಅಂದು ಮಧ್ಯಾಹ್ನ ಅವನಿಗೆ ದಕ್ಷಿಣ ಧ್ರುವದ ಫೆಲೋಶಿಪ್ಪಿನ ಸಂದರ್ಶನವಿತ್ತು. ಅದರ ನಿಯಮಗಳಲ್ಲಿ ಸ್ಪಷ್ಟವಾಗಿ ಹೇಳಿತ್ತು: ಅಭ್ಯರ್ಥಿಯ ಬಾಯಲ್ಲಿ ಅನುಮಾನಾಸ್ಪದ ಹಲ್ಲು ಒಂದೂ ಇರಕೂಡದು, ಸಂದರ್ಶನಕ್ಕೆ ಮುಂಚೆ ದಂತವೈದ್ಯರ ಸರ್ಟಿಫಿಕೇಟು ತಲುಪಬೇಕು. ನ್ಯಾಯವೇ ಬಿಡಿ. ಚಳಿಗಾಲ ಇಳಿಯಿತೆಂದರೆ ಆ ಕಡೆ ಹಡಗೂ ಸುಳಿಯುವುದಿಲ್ಲ, ವಿಮಾನವೂ ಸುಳಿಯುವುದಿಲ್ಲ. ಹಲ್ಲುನೋವು ಬಂದರೆ ಪೆಂಗ್ವಿನ್ ಹತ್ತಿರ ಬಾಯಿ ತೆರೆಯಬೇಕಷ್ಟೆ.

ವಿಜ್ಞಾನಿ ಎಂಬುದು ಅವನು ವಾಸವಿದ್ದ ಕಟ್ಟಡದ ಜನ ಇಟ್ಟ ಹೆಸರು. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಅವನು ಹಿಮದ ಮೇಲೆ ಬೆಳೆಯುವ ಕೆಂಪು ಪಾಚಿಯನ್ನು ಗಾಜಿನ ಬಟ್ಟಲಲ್ಲಿ ಸಾಕುತ್ತಿದ್ದ. ತಿಂಗಳ ಕೊನೆಗೆ ಆ ಕೆಲಸದ ಅವಧಿಯೂ ಮುಗಿಯುತ್ತಿತ್ತು. ಹಾಗಾಗಿ ದಿನಾ ಎದ್ದೊಡನೆ ಹುದ್ದೆಗಳ ಜಾಹೀರಾತು ಓದುವುದು ಅವನ ಪಾಲಿಗೆ ಮುಖ ತೊಳೆದಷ್ಟೇ ಸಹಜ. ಒಂದು ಕಡೆ ಸೀಲುಗಳ ಗೊರಕೆ ದಾಖಲಿಸುವವರು ಬೇಕಾಗಿದ್ದರು. ಇನ್ನೊಂದು ಕಡೆ ಕರಗುವ ಮಂಜುಗಡ್ಡೆಯ ಪಕ್ಕ ಕೂತು ಅದು ಎಷ್ಟು ಕರಗಿತೆಂದು ನೋಡುವವರು. ಎಲ್ಲಕ್ಕೂ ಅರ್ಜಿ ಹಾಕಿದ್ದ; ಎಲ್ಲ ಕಡೆಯಿಂದಲೂ ಹಿಮದಷ್ಟೇ ತಣ್ಣಗಿನ ಉತ್ತರ ಬಂದಿತ್ತು. ಸಂದರ್ಶನದವರೆಗೆ ಬಂದದ್ದು ಇದೊಂದೇ. ಧ್ರುವದ ಒಂದು ಪುಟ್ಟ ಗುಡಿಸಲಿನಲ್ಲಿ ಇಡೀ ಚಳಿಗಾಲ ಕಳೆದು, ಸೂರ್ಯನೇ ಇಲ್ಲದ ತಿಂಗಳುಗಳಲ್ಲಿ ಪಾಚಿ ಏನು ಮಾಡುತ್ತದೆಂದು ನೋಡುವ ಕೆಲಸ. ಸುಮ್ಮನಿರುತ್ತದೆ ಎಂಬುದು ಅವನ ಅಂದಾಜು. ಆ ಪಾಚಿಯ ಮೇಲೆ ಅವನಿಗೆ ಹೊಟ್ಟೆಕಿಚ್ಚಾಗುತ್ತಿದ್ದದ್ದೂ ಅದಕ್ಕೇ.

ಏಕೆಂದರೆ ಅವನ ಪಕ್ಕದ ಮನೆಯಲ್ಲಿ ಷಡ್ಡಕ ಇದ್ದ. ಅಂದರೆ ಹೆಂಡತಿಯ ಅಕ್ಕನ ಗಂಡ. ಹಳೆ ಪೀಠೋಪಕರಣಗಳ ಮಂಡಿಯಲ್ಲಿ ಹರಾಜು ಕೂಗುವುದು ಅವನ ಕಸುಬು. ಕಾಲು ಮುರಿದ ಕುರ್ಚಿಯನ್ನು ಸಿಂಹಾಸನವೆಂದು ನಂಬಿಸಬಲ್ಲವನು. ಅಂಥ ಬಾಯಿಗೆ ಮನೆಗೆ ಬಂದ ಮೇಲೆ ವಿಶ್ರಾಂತಿ ಕೊಡಬೇಕೆಂದು ಯಾರಿಗಾದರೂ ಅನ್ನಿಸಬಹುದು, ಅವನಿಗೆ ಅನ್ನಿಸುತ್ತಿರಲಿಲ್ಲ. ಮನಸ್ಸು ಬೆಣ್ಣೆ, ಬಾಯಿ ಮಾತ್ರ ಮುಚ್ಚಲು ಮರೆತ ನಲ್ಲಿ. ಸಂಜೆಯಾದರೆ ಬಂದು ಕೂತು, ವಿಜ್ಞಾನಿ ಆಕಳಿಸಿ ಆಕಳಿಸಿ ದವಡೆ ಕಳಚುವ ಹೊತ್ತಿಗೆ ಏಳುತ್ತಿದ್ದ. ಧ್ರುವದ ಕನಸಿಗೆ ವಿಜ್ಞಾನಿ ಯಾರಿಗೂ ಹೇಳದ ಕಾರಣ ಅದೇ: ಇಡೀ ಒಂದು ಚಳಿಗಾಲ ಯಾರ ಮಾತೂ ಕಿವಿಗೆ ಬೀಳದ ನೆಮ್ಮದಿ.

"ಹಲ್ಲಿನ ವಿಷಯ ಯಾರಿಗೂ ಹೇಳ್ಬೇಡ," ಎಂದ ಹೆಂಡತಿಗೆ.

"ಅಯ್ಯೋ, ನಾನ್ಯಾಕೆ ಹೇಳ್ಲಿ? ಅಕ್ಕನಿಗೆ ಮಾತ್ರ ಹೇಳ್ದೆ," ಎಂದಳು ಅವಳು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. "ಏನಯ್ಯಾ ವಿಜ್ಞಾನಿ, ಹಲ್ಲಂತೆ? ನನಗೆ ಹೇಳ್ಬಾರ್ದಾ? ಮೇನ್ ರೋಡಿನ ದಂತವೈದ್ಯೆ ನಮ್ಮ ಗಿರಾಕಿ. ಅವರ ಕ್ಲಿನಿಕ್ಕಿನ ಸೋಫಾ ನಾನೇ ಕೂಗಿದ್ದು. ಗಾಡಿ ಹತ್ತು, ಹೋಗೋಣ!"

ಸ್ಕೂಟರಿನ ಹಿಂದೆ ಕೂತ ವಿಜ್ಞಾನಿಗೆ ದಾರಿಯುದ್ದಕ್ಕೂ ಸೋಫಾದ ಚರಿತ್ರೆ. ಕ್ಲಿನಿಕ್ಕಿನಲ್ಲಿ ಅವನನ್ನು ಕುರ್ಚಿಗೆ ಒರಗಿಸಿ, ಬಾಯಿಗೆ ಹತ್ತಿ ತುರುಕಿ, ವೈದ್ಯೆ ಕೇಳಿದಳು: "ಯಾವ ಕಡೆ ನೋವು?"

ಹತ್ತಿ ತುಂಬಿದ ಬಾಯಿಂದ "ಅಆಆ" ಎಂದಷ್ಟೇ ಬಂತು. ಕಾಲ ಬಳಿ ನಿಂತಿದ್ದ ಷಡ್ಡಕ, "ನಾನು ಹೇಳ್ತೀನಿ ಡಾಕ್ಟ್ರೇ," ಎಂದು ಎದುರಿಗಿದ್ದ ವಿಜ್ಞಾನಿಯ ನೋವಿನ ಕೆನ್ನೆಗೆ ನೇರವಾಗಿದ್ದ ತನ್ನ ಕೆನ್ನೆಯನ್ನು ಮುಟ್ಟಿ ತೋರಿಸಿದ. ಎದುರುಬದುರು ನಿಂತವರ ಎಡ ಬಲ ಅದಲುಬದಲಾಗುತ್ತದೆಂಬುದು ಅವನ ತಲೆಗೆ ಹೊಳೆಯಲಿಲ್ಲ. ವೈದ್ಯೆ ಅವನ ಬಲಗೆನ್ನೆ ನೋಡಿಕೊಂಡು ರೋಗಿಯ ಬಲದವಡೆಗೆ ಸೂಜಿ ಚುಚ್ಚಿದಳು. ವಿಜ್ಞಾನಿ ಕೈಕಾಲು ಬಡಿದ.

"ಹೆದರ್ಬೇಡ, ಹೆದರ್ಬೇಡ," ಎಂದು ಷಡ್ಡಕ ಅವನ ಎರಡೂ ಕೈ ಹಿಡಿದುಕೊಂಡ. "ನೋಡಿ ಡಾಕ್ಟ್ರೇ, ಹೋದ ವಾರ ಒಂದು ಬೀರು ಹರಾಜಿಗೆ ಬಂತು. ಜನ ಬೆಲೆ ಏರಿಸ್ತಾ ಇದಾರೆ, ಒಳಗಿಂದ ಗೊರಕೆ! ಬಾಗಿಲು ತೆಗೆದ್ರೆ ಮಾಲೀಕ! ಮನೇಲಿ ಜಗಳ ಆಡ್ಕೊಂಡು ಒಳಗೆ ಮಲಗಿದ್ದಂತೆ. ಗೊರಕೆ ಸಮೇತ ಹೋಯ್ತು ಬೀರು, ದುಪ್ಪಟ್ಟು ಬೆಲೆಗೆ!"

ವೈದ್ಯೆ ನಗುತ್ತ ನಗುತ್ತಲೇ ಇಕ್ಕಳ ಎಳೆದಳು. ಹಲ್ಲು ಬಂತು. ಮುತ್ತಿನಂಥ ಹಲ್ಲು. ಬೆಳಕಿಗೆ ಹಿಡಿದು ನೋಡಿ ನಗು ನಿಲ್ಲಿಸಿದಳು.

"ಇದು... ಚೆನ್ನಾಗೇ ಇದೆಯಲ್ಲ."

"ಚೆನ್ನಾಗಿದ್ರೆ ಒಳ್ಳೇದೇ ಅಲ್ವಾ?" ಎಂದ ಷಡ್ಡಕ.

ಇನ್ನು ಎಡಗಡೆಗೂ ಸೂಜಿ ಬಿತ್ತು, ಎಡಗಡೆಯದೂ ಬಂತು. ಅನುಮಾನಾಸ್ಪದ ಹಲ್ಲು ಒಂದೂ ಇಲ್ಲವೆಂದು ವೈದ್ಯೆ ಧಾರಾಳವಾಗಿ ಸರ್ಟಿಫಿಕೇಟು ಬರೆದು, ಅಲ್ಲಿಂದಲೇ ಸಮಿತಿಗೆ ಕಳಿಸಿಯೂ ಕೊಟ್ಟಳು. ಆದರೆ ವಿಜ್ಞಾನಿಯ ಮುಖ ಕಣ್ಣಿನ ಕೆಳಗೆ ಸಂಪೂರ್ಣ ಮರಗಟ್ಟಿತ್ತು. ನಾಲಿಗೆ ಬೇರೆ ಯಾರದೋ ಮನೆಯ ದಿಂಬಿನಂತೆ ಬಾಯಲ್ಲಿ ಬಿದ್ದಿತ್ತು.

ಪ್ರಯೋಗಾಲಯದ ಪುಟ್ಟ ಕೋಣೆ ಸೇರಿ ಕಂಪ್ಯೂಟರ್ ತೆರೆದಾಗ ಸಂದರ್ಶನದ ಹೊತ್ತಾಗಿಯೇ ಹೋಗಿತ್ತು. ಪರದೆಯ ಮೇಲೆ ಇಬ್ಬರು: ಸಮಿತಿಯ ಅಧ್ಯಕ್ಷೆ, ಮತ್ತು ಧ್ರುವದಲ್ಲೇ ಗಡ್ಡ ಬೆಳ್ಳಗಾದಂತಿದ್ದ ಒಬ್ಬ ಹಿರಿಯ.

"ನಮಸ್ಕಾರ. ನಿಮ್ಮ ಪರಿಚಯ ಹೇಳಿ," ಎಂದಳು ಅಧ್ಯಕ್ಷೆ.

ವಿಜ್ಞಾನಿ ಬಾಯಿ ತೆರೆದ. ಜೊಲ್ಲಿನ ಒಂದು ಎಳೆ ಹೊರಬಂತು, ಮಾತು ಬರಲಿಲ್ಲ. ಸ್ಕೂಟರಿನಲ್ಲಿ ಕರೆತಂದಿದ್ದ ಷಡ್ಡಕ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ.

"ನಮಸ್ಕಾರ ಮೇಡಂ, ನಮಸ್ಕಾರ ಸಾರ್! ಇವನ ಬಾಯಿ ಇವತ್ತು ರಜೆ ಹಾಕಿದೆ. ನಿಮಗೋಸ್ಕರ ಎರಡು ಹಲ್ಲು ಕೀಳಿಸ್ಕೊಂಡು ಬಂದಿದಾನೆ. ನಾನು ಇವನ ಷಡ್ಡಕ, ಪಕ್ಕದ ಮನೆ. ಅವನು ಬರೀತಾನೆ, ನಾನು ಓದ್ತೀನಿ. ಆಗ್ಬಹುದಾ?"

ಆಗಬಾರದೆಂದು ವಿಜ್ಞಾನಿ ಮೂತಿ ಸೊಟ್ಟ ಮಾಡಲು ನೋಡಿದ; ಮುಖ ಒಪ್ಪಲಿಲ್ಲ. ಅಧ್ಯಕ್ಷೆ ತಲೆಯಾಡಿಸಿಬಿಟ್ಟಳು.

"ಹಿಮದ ಪಾಚಿಯಿಂದ ನಮಗೇನು ತೊಂದರೆ?"

ವಿಜ್ಞಾನಿ ಗಬಗಬ ಬರೆದ: 'ಪಾಚಿಯ ಕೆಂಪು ಬಣ್ಣ ಬಿಸಿಲನ್ನು ಹೀರುತ್ತದೆ. ಹಿಮ ಬೇಗ ಕರಗುತ್ತದೆ.'

ಷಡ್ಡಕ ಓದಿದ. ಓದಿ ಅಲ್ಲಿಗೆ ನಿಲ್ಲಿಸಿದ್ದರೆ ಅವನು ಷಡ್ಡಕ ಹೇಗಾದಾನು? "ಅಂದ್ರೆ ಮೇಡಂ, ಬಿಸಿಲಲ್ಲಿ ಬಿಳಿ ಅಂಗಿ ಬಿಟ್ಟು ಗಾಢ ಬಣ್ಣದ್ದು ಹಾಕ್ಕೊಂಡ್ರೆ ಬೆವರು ಕಿತ್ಕೊಂಡು ಬರಲ್ವಾ? ಹಿಮಕ್ಕೂ ಅದೇ ಪಾಡು. ಅಂಗಿ ಅಂದ್ಮೇಲೆ ನೆನಪಾಯ್ತು..." ಎಂದು ಅಂಗಿಯಿಂದ ಬೀರುವಿಗೆ, ಬೀರುವಿನಿಂದ ಗೊರಕೆಗೆ ಹೋದ. ವಿಜ್ಞಾನಿ ಮೇಜಿನ ಕೆಳಗೆ ಅವನ ಕಾಲು ತುಳಿದ. "ನೋಡಿ, ಖುಷಿಗೆ ಕಾಲು ಕುಣಿಸ್ತಾ ಇದಾನೆ," ಎಂದ ಷಡ್ಡಕ.

ಬಿಳಿಗಡ್ಡದ ಹಿರಿಯ ಮುಂದೆ ಬಾಗಿದ. "ಅಲ್ಲಿನ ಏಕಾಂತ ಹೇಗೆ ತಡ್ಕೋತೀರಿ?"

'ನನಗೆ ಬೇಕಾಗಿರುವುದೇ ಏಕಾಂತ' ಎಂದು ಬರೆದು ವಿಜ್ಞಾನಿ ಅದರ ಕೆಳಗೆ ಎರಡು ಗೆರೆ ಎಳೆದ.

ಷಡ್ಡಕ ಹೊಟ್ಟೆ ಹಿಡಿದು ನಕ್ಕ. "ಏಕಾಂತ ಬೇಕಂತೆ! ನಂಬ್ಬೇಡಿ ಸಾರ್. ಒಂದು ಸಂಜೆ ನಾನು ಹೋಗ್ಲಿಲ್ಲ ಅಂದ್ರೆ ದೀಪ ಆರಿಸಿ ಮಲಗಿಬಿಡ್ತಾನೆ, ಪಾಪ, ಬೇಜಾರಿಗೆ! ಆದ್ರೆ ಮಾಲು ಅಪ್ಪಟ. ತಿರುಗಿ ಮಾತಾಡಲ್ಲ, ತಿಂಡಿಗೆ ತಕರಾರಿಲ್ಲ, ಪಾಚಿಗೆ ಜೀವ ಬಿಡ್ತಾನೆ. ಇಂಥವನು ನಿಮಗೆ ಬೇರೆ ಎಲ್ಲೂ ಸಿಗಲ್ಲ. ಒಂದು ಸಲ... ಎರಡು ಸಲ..."

ಪರದೆಯ ಮೇಲಿನ ಇಬ್ಬರೂ ಧ್ವನಿ ಆರಿಸಿ ಪರಸ್ಪರ ಏನೋ ಗಹನವಾಗಿ ಮಾತಾಡತೊಡಗಿದರು. ಮುಗಿಯಿತು ಎಂದುಕೊಂಡ ವಿಜ್ಞಾನಿ. ಕಪಾಟಿನ ಬಟ್ಟಲುಗಳಲ್ಲಿ ಅವನ ಪಾಚಿ ಯಾವ ಗೊಡವೆಯೂ ಇಲ್ಲದೆ ಸುಮ್ಮನಿತ್ತು. ಅವನ ಕಣ್ಣಿಂದ ಒಂದು ಹನಿ ಜಾರಿ ಮರಗಟ್ಟಿದ ಕೆನ್ನೆಯ ಮೇಲೆ ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ.

ಧ್ವನಿ ಮರಳಿತು.

"ಅಭಿನಂದನೆಗಳು," ಎಂದಳು ಅಧ್ಯಕ್ಷೆ. "ಫೆಲೋಶಿಪ್ ನಿಮಗೇ."

ವಿಜ್ಞಾನಿ ಎದ್ದುನಿಂತ, ಮತ್ತೆ ಕೂತ.

"ನಿಜ ಹೇಳ್ತೀನಿ," ಎಂದ ಹಿರಿಯ. "ಪಾಚಿ ಗೊತ್ತಿರೋರು ಬೇಕಾದಷ್ಟು ಜನ ಬರ್ತಾರೆ. ಆದ್ರೆ ಜಾಹೀರಾತಲ್ಲಿ ಹಾಕದ ವಿಷಯ ಒಂದಿದೆ: ಅಲ್ಲಿರಬೇಕಾದೋರು ಇಬ್ರು, ಒಂದೇ ಕೋಣೆ. ಹೋದ ಸಲ ಹೋದೋರು ಒಂದು ಚಮಚಕ್ಕೆ ಜಗಳ ಆಡಿ ಮಧ್ಯೆ ಪರದೆ ಕಟ್ಕೊಂಡ್ರು. ಅದರ ಹಿಂದಿನೋರು ಒಬ್ರ ಬೂಟನ್ನ ಒಬ್ರು ಹಿಮದಲ್ಲಿ ಹೂತಿಟ್ರು. ಇಂಥ ಮಾತನ್ನ ಇಷ್ಟು ಹೊತ್ತು, ಮುಖದ ಒಂದು ಗೆರೆಯೂ ಅಲುಗದ ಹಾಗೆ ಕೇಳ್ತಾ ಕೂರೋ ಮನುಷ್ಯನನ್ನ ನನ್ನ ಜನ್ಮದಲ್ಲಿ ನೋಡಿಲ್ಲ. ಕೊನೆಗೆ ಕಣ್ಣಲ್ಲಿ ನೀರೂ ಬಂತು, ಪ್ರೀತಿಗೆ!"

"ಸಹಾಯಕನ ಹುದ್ದೆ ಇನ್ನೂ ಖಾಲಿ ಇದೆ," ಎಂದಳು ಅಧ್ಯಕ್ಷೆ. "ಹಿಮ ಕರಗಿಸಿ ನೀರು ಮಾಡೋದು, ಅಡುಗೆ ಮಾಡೋದು, ಅಷ್ಟೇ. ಇಷ್ಟು ಹೊಂದಿಕೊಂಡ ಜೋಡಿಯನ್ನ ನಾವ್ಯಾಕೆ ಅಗಲಿಸ್ಬೇಕು? ಆದ್ರೆ ಒಂದು ಷರತ್ತು. ಹೋದ್ರೆ ಇಬ್ರೂ, ಇಲ್ಲಾಂದ್ರೆ ಯಾರೂ ಇಲ್ಲ."

ಷಡ್ಡಕ ಕುರ್ಚಿಯಿಂದ ಜಿಗಿದೆದ್ದ. "ಮೂರು ಸಲ!" ಎಂದು ಮೇಜು ಗುದ್ದಿದ. "ಕೊಟ್ಟಾಯ್ತು!"

ವಿಜ್ಞಾನಿ ಪೆನ್ನು ಎತ್ತಿಕೊಂಡ. ಒಂದು ಕಡೆ ತಿಂಗಳ ಕೊನೆ, ಇನ್ನೊಂದು ಕಡೆ ಬೀರುವಿನ ಕತೆ. ಕಣ್ಣು ಮುಚ್ಚಿಕೊಂಡು 'ಒಪ್ಪಿಗೆ' ಎಂದು ಬರೆದ. ಅದನ್ನು ಓದಿ ಹೇಳಲು ಷಡ್ಡಕನಿಗೆ ಬಹಳ ಹೊತ್ತು ಬೇಕಾಯಿತು.

ಸಂಜೆ ಮನೆ ತಲುಪುವಷ್ಟರಲ್ಲಿ ತುಟಿಗೆ ಸ್ವಲ್ಪ ಜೀವ ಬಂದಿತ್ತು. ಷಡ್ಡಕ ಸುದ್ದಿ ಹಂಚಲು ಮಹಡಿಯಿಂದ ಮಹಡಿಗೆ ಹೋಗಿದ್ದ. ಆಗಲೇ ಮೇಲಿನ ಮನೆಯವರು ಅವನಿಗೆಂದು ಉಣ್ಣೆ ಟೋಪಿ ಕಳಿಸಿದ್ದರು. ಕೆಳಗಿನ ಮನೆಯವರು ಹೊಚ್ಚಹೊಸ ಕಂಬಳಿ. ಇಷ್ಟು ಧಾರಾಳಿಗಳೆಂದು ಆ ಕಟ್ಟಡದವರ ಬಗ್ಗೆ ವಿಜ್ಞಾನಿಗೆ ಗೊತ್ತೇ ಇರಲಿಲ್ಲ.

ಒಳಗೆ ಅಕ್ಕತಂಗಿಯರು ಕೈ ಕೈ ಹಿಡಿದು ಕೂತಿದ್ದರು. ಅಕ್ಕನ ಕಣ್ಣಲ್ಲಿ ಧಾರಾಕಾರ ನೀರು. ವಿಜ್ಞಾನಿ ಹತ್ತಿರ ಹೋಗಿ ಕೂತ. ತನ್ನ ದುಃಖ ಮರೆತು, ದಪ್ಪ ನಾಲಿಗೆಯಲ್ಲೇ ಸಮಾಧಾನ ಹೇಳಿದ: "ಅಳ್ಬೇಡಿ ಅಕ್ಕಾ. ಭಾವನ್ನ ನಾನು ಚೆನ್ನಾಗಿ ನೋಡ್ಕೋತೀನಿ."

"ಅಳು ಅಲ್ಲಪ್ಪ ಇದು," ಎಂದಳು ಅಕ್ಕ, ಸೆರಗಿನಿಂದ ಕಣ್ಣೊರೆಸಿಕೊಂಡು. ಮದುವೆಯಾದಂದಿನಿಂದ ಕಾಣದ ಒಂದು ತಿಳಿ ನೆಮ್ಮದಿ ಅವಳ ಮುಖದ ಮೇಲಿತ್ತು. ತಂಗಿ ಆಗಲೇ ದಿಂಬಿಗೆ ಒರಗಿ, ಖಾಲಿ ಮನೆಯ ಸದ್ದಿಲ್ಲದ ಸಂಜೆಗಳನ್ನು ಈಗಿನಿಂದಲೇ ಸವಿಯುತ್ತಿರುವವಳಂತೆ ಕಣ್ಣು ಮುಚ್ಚಿದ್ದಳು.

ಅಕ್ಕ ದನಿ ತಗ್ಗಿಸಿ ಕೇಳಿದಳು: "ಹೌದಪ್ಪಾ, ನೀವು ಅಲ್ಲಿರೋದು ಚಳಿಗಾಲ ಅಷ್ಟೇನಾ? ನಿನ್ನ ಪಾಚಿನ ಇನ್ನೂ ಸ್ವಲ್ಪ ನಿಧಾನವಾಗಿ ನೋಡೋಕಾಗಲ್ವಾ?"