ಷಡ್ಡಕನ ತಾರಸಿಯ ಸೂರ್ಯ

ಹೊಟ್ಟೆಕಿಚ್ಚು ಪಡುವುದಕ್ಕೆ ದೂರದವರು ಆಗಿಬರುವುದಿಲ್ಲ ಎಂಬುದು ನನ್ನ ಅನುಭವ. ಯಾರೋ ಕೋಟ್ಯಧಿಪತಿ ಮಗಳ ಮದುವೆಗೆ ವಿಮಾನದಲ್ಲಿ ಹೂವು ತರಿಸಿದನೆಂದು ಟೀವಿಯಲ್ಲಿ ತೋರಿಸಿದರೆ ನಾನು ಚಕ್ಕುಲಿ ಮುರಿಯುತ್ತಾ ಆರಾಮಾಗಿ ನೋಡುತ್ತೇನೆ. ಅದೇ ನನ್ನ ಷಡ್ಡಕ ಮಂಜುನಾಥ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದನೆನ್ನಿ, ಅದು ಎಲ್ಲಿ ಸಿಕ್ಕಿತು, ಎಷ್ಟಕ್ಕೆ ಸಿಕ್ಕಿತು, ಕಾಲು ಕಚ್ಚುತ್ತದೋ ಇಲ್ಲವೋ ಎಂದು ತಿಳಿಯುವವರೆಗೆ ನನಗೆ ಅನ್ನ ಸೇರುವುದಿಲ್ಲ. ಕಚ್ಚುತ್ತದೆ ಎಂದು ಗೊತ್ತಾದರೆ ಒಂದಿಷ್ಟು ಸಮಾಧಾನ. ಹೆಂಡತಿಯ ತಂಗಿಯ ಗಂಡ ಎಂಬುವವನನ್ನು ದೇವರು ಸೃಷ್ಟಿಸಿದ್ದೇ ಈ ಕೆಲಸಕ್ಕೆ ಎಂದು ಕಾಣುತ್ತದೆ.

ನಾನು ಶಿವಮೊಗ್ಗದ ನವುಲೆಯಲ್ಲಿ ಮನೆ ಮಾಡಿಕೊಂಡಿರುವ ಹೈಸ್ಕೂಲು ವಿಜ್ಞಾನದ ಮೇಷ್ಟ್ರು. ಮಂಜುನಾಥನಿಗೆ ಭದ್ರಾವತಿಯಲ್ಲಿ ಹಾರ್ಡ್‌ವೇರ್ ಅಂಗಡಿ. ನಮ್ಮಿಬ್ಬರ ಮಾವನವರೂ ಭದ್ರಾವತಿಯವರೇ, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಮನೆಯಲ್ಲಿ ಹಿರಿಯ ಅಳಿಯನಾದ ನನ್ನ ಮಾತೇ ಮಾತಾಗಿತ್ತು. ಫ್ರಿಜ್ ಯಾವ ಕಂಪನಿಯದು ತರಬೇಕು, ಹಿಂದಿನ ಗೋಡೆಗೆ ಯಾವ ಬಣ್ಣ, ಮಂಡಿನೋವಿಗೆ ಯಾವ ಡಾಕ್ಟರು, ಎಲ್ಲಕ್ಕೂ ಮಾವನವರು ನನ್ನ ಕಡೆ ತಿರುಗಿ "ಏನಂತೀರಿ ಮೇಷ್ಟ್ರೇ?" ಅನ್ನುತ್ತಿದ್ದರು. ನಾನು ತಕ್ಷಣ ಉತ್ತರ ಕೊಡುತ್ತಿರಲಿಲ್ಲ. ಕಾಫಿ ಒಂದು ಗುಟುಕು ಕುಡಿದು, ಕನ್ನಡಕ ಒರೆಸಿ, ಆಮೇಲೆ ಬಾಯಿ ತೆರೆಯುತ್ತಿದ್ದೆ. ಆ ಸುಖವೆಲ್ಲ ಒಂದು ಸಬ್ಸಿಡಿಯಿಂದ ಮಣ್ಣುಪಾಲಾಯಿತು.

ಮನೆಯ ತಾರಸಿಯ ಮೇಲೆ ಸೋಲಾರ್ ಹಾಕಿಸಿದರೆ ಸರ್ಕಾರ ಸಹಾಯಧನ ಕೊಡುತ್ತದಂತೆ, ನಾವು ಬಳಸಿ ಉಳಿದ ಕರೆಂಟನ್ನೂ ಕೊಳ್ಳುತ್ತಾರಂತೆ ಎಂದು ಸುದ್ದಿ ಬಂದಾಗ ಮಂಜುನಾಥ ಮಾವನವರ ಎದುರಿಗೇ ನನ್ನನ್ನು ಕೇಳಿದ. ಅವನ ಮನೆಯಲ್ಲಿ ಏಸಿ ಗೀಸಿ ಎಲ್ಲ ಇರುವುದರಿಂದ ಬಿಲ್ಲು ದಂಡಿಯಾಗಿ ಬರುತ್ತಿತ್ತು. ನಾನು ಎಂದಿನಂತೆ ಕನ್ನಡಕ ಒರೆಸಿ, "ಅಲ್ಲ ಮಾರಾಯ, ಸರ್ಕಾರ ಕರೆದು ನಿನ್ನ ಕೈಗೆ ದುಡ್ಡು ಕೊಡುತ್ತಾ? ನಿನ್ನ ಮೊಮ್ಮಗ ಆಫೀಸಿಗೆ ಅಲೀಬೇಕು, ನೋಡ್ತಿರು" ಅಂದೆ. "ಹೌದಲ್ವಾ ಅಣ್ಣ" ಎಂದು ತಲೆಯಾಡಿಸಿದ. ತಲೆಯಾಡಿಸಿ ಹೋದವನು ಸೀದಾ ಹೋಗಿ ಹಾಕಿಸಿಯೇಬಿಟ್ಟ! ಮೀಟರು ಬದಲಾಗಿ ಸ್ವಲ್ಪ ದಿನಕ್ಕೆ ಸಬ್ಸಿಡಿಯೂ ಖಾತೆಗೆ ಬಂದು ಬಿತ್ತು. ಮಾವನವರು ಏಣಿ ಹತ್ತಿ ಪ್ಯಾನೆಲ್ಲುಗಳನ್ನು ಮುಟ್ಟಿ ನೋಡಿ ಬಂದರಂತೆ. ಆಮೇಲಿನ ಹಬ್ಬಕ್ಕೆ ನಾನು ಹೋದಾಗ ಟೀವಿ ಬದಲಾಯಿಸುವ ಮಾತು ಬಂತು. ನಾನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದೆ. ಮಾವನವರ ಕತ್ತು ನನ್ನನ್ನು ದಾಟಿ ಆಚೆಗೆ ಹೋಯಿತು. "ಮಂಜು, ನೀನೇನಂತೀಯಪ್ಪ?"

ಸೌರಶಕ್ತಿಯ ಪಾಠ ಮಾಡುವವನು ನಾನು. ಬೋರ್ಡಿನ ಮೇಲೆ ಸೂರ್ಯನನ್ನು ಬರೆದು ಬಾಣ ಎಳೆದೂ ಎಳೆದೂ ಕೈ ಸೋತವನು ನಾನು. ಸೂರ್ಯ ಹೋಗಿ ಕೂತದ್ದು ಮಾತ್ರ ಮೊಳೆ, ಚಿಲಕ ಮಾರುವವನ ತಾರಸಿಯ ಮೇಲೆ. ಉರಿಯದೆ ಇನ್ನೇನಾಗುತ್ತದೆ ಹೇಳಿ. ಸಾಲದ್ದಕ್ಕೆ ಆ ದಿನ ಎಷ್ಟು ಕರೆಂಟು ಹುಟ್ಟಿತು ಎಂಬ ಚಿತ್ರ ಮೊಬೈಲಿನಿಂದ ದಿನಾ ಸಂಜೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತಿತ್ತು. ಕೆಳಗೆ ಮಾವನವರ ಹೆಬ್ಬೆರಳು. ನಾನು ಬೆಳಗಾದರೆ ಭದ್ರಾವತಿಯ ದಿಕ್ಕಿಗೆ ಮುಖ ಮಾಡಿ ಆಕಾಶ ನೋಡತೊಡಗಿದೆ. ಆ ಕಡೆ ಒಂದು ಮೋಡ ಕಂಡರೆ ಸಾಕು, ಸ್ಟಾಫ್ ರೂಮಿನಿಂದಲೇ ಫೋನು. "ಮಂಜು, ಅಲ್ಲಿ ಹೇಗಿದೆ? ಮೋಡಾನಾ?" "ಪೂರ್ತಿ ಮೋಡ ಅಣ್ಣ." "ಅಯ್ಯೋ, ಹೌದಾ!" ಎಂದು ದನಿಯಲ್ಲಿ ಮರುಕ ತುಂಬಿ ಫೋನಿಟ್ಟ ಮೇಲೆ ಎರಡು ಪೀರಿಯಡ್ ಹುಮ್ಮಸ್ಸಿನಿಂದ ಪಾಠ ಮಾಡುತ್ತಿದ್ದೆ. ಆಷಾಢದಷ್ಟು ಒಳ್ಳೆಯ ತಿಂಗಳು ಇನ್ನೊಂದಿಲ್ಲ ಅನ್ನಿಸಿದ್ದು ಆ ವರ್ಷವೇ.

ಇನ್ನೊಂದು ಸಂಗತಿ ತಿಳಿದ ದಿನವಂತೂ ಕುಣಿದಾಡುವುದೊಂದು ಬಾಕಿ. ಬೀದಿಯಲ್ಲಿ ಕರೆಂಟು ಹೋದರೆ ಬ್ಯಾಟರಿಯಿಲ್ಲದ ಅಂಥ ಸೋಲಾರ್ ಕೂಡ ತಾನಾಗಿ ನಿಂತುಬಿಡುತ್ತದೆ, ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು. ನೆತ್ತಿಯ ಮೇಲೆ ಸೂರ್ಯ ಧಗಧಗ ಉರಿಯುತ್ತಿದ್ದರೂ ಷಡ್ಡಕ ರಟ್ಟಿನಲ್ಲಿ ಗಾಳಿ ಹಾಕಿಕೊಳ್ಳಬೇಕು! ನಮ್ಮಲ್ಲಿ ಕರೆಂಟು ಹೋದಾಗಲೆಲ್ಲ ಬೆವರು ಒರೆಸಿಕೊಳ್ಳುತ್ತಾ ಮೊದಲು ಅವನಿಗೆ ಫೋನು ಮಾಡುವುದು ರೂಢಿಯಾಯಿತು. "ನಿಮ್ಮಲ್ಲೂ ಹೋಯ್ತಾ?" ಒಂದು ಸಲ ನನ್ನ ನಾದಿನಿ ಶೈಲಜ ಫೋನು ತೆಗೆದುಕೊಂಡು, "ಭಾವ, ಸ್ವಂತ ಅಣ್ಣನೂ ಇಷ್ಟು ವಿಚಾರಿಸ್ಕೊಳ್ಳಲ್ಲ ನೋಡಿ. ಅಪ್ಪಾಜಿ ಹೇಳ್ತಾನೇ ಇರ್ತಾರೆ, ಮೇಷ್ಟ್ರ ಮನಸ್ಸು ಬಂಗಾರ ಅಂತ" ಅಂದಳು. ನನಗೆ ನಾಚಿಕೆಯಾಗಬೇಕಿತ್ತು. ಮಾವನವರು ಹೊಗಳಿದರಲ್ಲ ಎಂದು ಖುಷಿಯಾಯಿತು.

ಆದರೂ ಬರೀ ಹೊಗಳಿಕೆಯಿಂದ ಕಳೆದ ಜಾಗ ವಾಪಸ್ಸು ಬರುವುದಿಲ್ಲ. ಇನ್ನು ಇರುವುದು ಒಂದೇ ದಾರಿ ಎಂದು ನನ್ನ ಹೆಂಡತಿ ಗಿರಿಜಳ ಮುಂದೆ ವಿಷಯ ತೆಗೆದೆ. ಅವಳು ತಾರಸಿಯ ಮೇಲೆ ಸಂಡಿಗೆ ಇಡುತ್ತಿದ್ದಳು. "ನಾವೂ ಸೋಲಾರ್ ಹಾಕಿಸೋಣ ಕಣೇ."

"ಯಾಕ್ರೀ? ನಾವು ಸುಡೋದೇ ಇಷ್ಟೇ ಇಷ್ಟು ಕರೆಂಟು. ಸರ್ಕಾರದವ್ರು ಫ್ರೀ ಮಾಡಿದ ಮೇಲೆ ನಮಗೆ ಬಿಲ್ಲು ಸೊನ್ನೆ ಬರ್ತಿದೆ. ಸೊನ್ನೆಗಿಂತ ಕೆಳಗೆ ಎಲ್ಲಿಗೆ ಹೋಗ್ತೀರಾ?"

"ಪರಿಸರ ಅಂತ ಒಂದಿದೆ" ಅಂದೆ.

ಅವಳು ಸಂಡಿಗೆ ಹಿಟ್ಟಿನ ಕೈಯಲ್ಲೇ ಸೊಂಟ ಹಿಡಿದು ಎದ್ದು ನಿಂತು ನನ್ನ ಮುಖ ನೋಡಿದಳು. "ಪರಿಸರ ಭದ್ರಾವತಿಯಲ್ಲಿದೆ ಅಂತ ನನಗೆ ಗೊತ್ತಿಲ್ವಾ?" ಅಂದಳು. ನಾನು ಮೆಟ್ಟಿಲಿಳಿದು ಬಂದೆ.

ಕೊನೆಗೆ ಹಾಕಿಸಿದೆ. ಸಂಡಿಗೆಗೆ ಪೂರ್ವದ ಮೂಲೆ ಬಿಟ್ಟುಕೊಡುವ ಕರಾರಾಯಿತು. ಅರ್ಜಿ, ಆಫೀಸು, ಮೀಟರು ಎಂದು ನನ್ನ ಪರವಾಗಿ ಓಡಾಡಿದವನೂ ಮಂಜುನಾಥನೇ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ, ಸಬ್ಸಿಡಿ ಬೇಕಿತ್ತಲ್ಲ. ಅವನದಕ್ಕಿಂತ ಒಂದು ಪ್ಯಾನೆಲ್ ಹೆಚ್ಚಾಗಿಯೇ ಇರಲಿ ಎಂದು ಹಾಕುವವನಿಗೆ ಗುಟ್ಟಾಗಿ ಹೇಳಿದ್ದೆ. ಎಲ್ಲ ಶುರುವಾದ ಮೇಲೆ ಒಂದು ಭಾನುವಾರ ಪೂಜೆ ಇಟ್ಟುಕೊಂಡು ಭದ್ರಾವತಿಯವರನ್ನೆಲ್ಲ ಕರೆದೆ. ಬಿಸಿಲೆಂದರೆ ಬಿಸಿಲು. ಹೋಳಿಗೆ ಊಟಕ್ಕೆ ಎಲೆ ಹಾಕಿದಾಗ ನಾನು ಮೊಬೈಲನ್ನು ಮಂಜುನಾಥನ ಮೂಗಿನ ಕೆಳಗೇ ಹಿಡಿದು, ಏನೂ ಅಲ್ಲವೆನ್ನುವ ದನಿಯಲ್ಲಿ, "ನಿಮ್ಮದು ಎಷ್ಟಾಗಿದೆಯಪ್ಪ ಇವತ್ತು?" ಅಂದೆ. ಅವನ ಮುಖದ ಬಣ್ಣ ಬದಲಾಗುವುದನ್ನು ನೋಡಲು ಅಷ್ಟು ತಿಂಗಳಿಂದ ಕಾದಿದ್ದೆ.

"ನಮ್ಮದಾ? ಯಾರಿಗೆ ಗೊತ್ತಣ್ಣ. ಅದೆಲ್ಲ ಶೈಲ ನೋಡ್ಕೋತಾಳೆ, ಗುಂಪಿಗೆ ಹಾಕೋದೂ ಅವಳೇ. ನನ್ನ ಫೋನಲ್ಲಿ ಆ ಆ್ಯಪೇ ಇಲ್ಲ" ಎಂದು ನನ್ನ ಮೊಬೈಲು ಇಸಿದುಕೊಂಡು ನೋಡಿದ. "ಅಬ್ಬಾ, ಇಷ್ಟೊಂದಾ! ಮಾವಾ, ನೋಡಿ ಇಲ್ಲಿ, ಅಣ್ಣನದು ನಮ್ಮದಕ್ಕಿಂತ ಎಷ್ಟೋ ಚೆನ್ನಾಗಿದೆ!" ಎಂದು ಇಡೀ ಪಂಕ್ತಿಗೆ ಕೇಳುವಂತೆ ಕೂಗಿ, ಹೋಳಿಗೆಗೆ ತುಪ್ಪ ಹಾಕಿಸಿಕೊಂಡ.

ನಾನು ಬಡಿಸುವ ನೆಪದಲ್ಲಿ ಅವನ ಎಲೆಯ ಮುಂದೆಯೇ ಸುಳಿದಾಡಿದೆ. ಅವನ ಮುಖದಲ್ಲಿ ಒಂದು ಕಡೆಯಾದರೂ ಉರಿ ಕಾಣುತ್ತದೇನೋ ಎಂದು ಹುಡುಕಿದೆ. ಪುಣ್ಯಾತ್ಮ ಕಣ್ಣು ಮುಚ್ಚಿಕೊಂಡು ಹೋಳಿಗೆ ತಿನ್ನುತ್ತಿದ್ದ. ಮಾವನವರು, "ಏನಂತೀರಿ ಮೇಷ್ಟ್ರೇ, ಸಂಜೆ ಬಸ್ಸಿಗೆ ಹೊರಡೋಣ್ವಾ, ಉಳಿಯೋಣ್ವಾ?" ಎಂದು ನನ್ನನ್ನೇ ಕೇಳಿದರು. ಬೇಕಾದದ್ದು ಸಿಕ್ಕಿತ್ತು, ಆದರೆ ಕನ್ನಡಕ ಒರೆಸುವುದೇ ನನಗೆ ಮರೆತುಹೋಗಿತ್ತು. ಇಷ್ಟು ದಿನ ನಾನೊಬ್ಬನೇ ಓಡುತ್ತಿದ್ದೆನಲ್ಲ, ಇವನಿಗೆ ಓಟ ಇದೆಯೆಂಬುದೇ ಗೊತ್ತಿರಲಿಲ್ಲವಲ್ಲ ಎಂದು ಆಗ ಹೊಳೆಯಿತು. ಈಗ ಅವನ ಪ್ಯಾನೆಲ್ಲುಗಳ ಯೋಚನೆ ನನಗಿಲ್ಲ. ಇನ್ನೊಬ್ಬರ ಮನೆ ತಾರಸಿ ನೋಡಿ ಬಂದು ಎರಡು ಹೋಳಿಗೆ ಜಾಸ್ತಿ ತಿನ್ನುತ್ತಾನಲ್ಲ, ಆ ಗುಣ ಅವನಿಗೆ ಎಲ್ಲಿಂದ ಬಂತು, ನನಗೇಕೆ ಬರಲಿಲ್ಲ ಎಂದು ಹೊಟ್ಟೆ ಉರಿಯುತ್ತಿದೆ.